ಕೆರೆ ಮೀನು ಸತ್ತಾಗ ಮೊದಲು ಕೇಳಬೇಕಾದ್ದು: ಎಷ್ಟು ಹೊತ್ತಿಗೆ ಸತ್ತವು?

ಈ ಸಲದ ಟಿಪ್ಪಣಿ ಹೊಲದ್ದಲ್ಲ, ಕೆರೆಯದು. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಬೇಸಿಗೆ ಬಂತು ಅಂದ್ರೆ ನಮ್ಮ ಬಯಲುಸೀಮೆ ಕಡೆ ಯಾವುದಾದ್ರೂ ಒಂದು ಊರಿನ ಕೆರೆಯಲ್ಲಿ ಮೀನು ಸತ್ತು ತೇಲುತ್ತವೆ. ಮೀನು ತೇಲಿದ ದಿನವೇ ಊರಲ್ಲಿ ಒಂದು ಹೆಸರೂ ತೇಲುತ್ತೆ. "ಇಂಥವನೇ ವಿಷ ಹಾಕಿದ್ದು." ಕೆರೆ ಗುತ್ತಿಗೆ ಹಿಡಿದವರಿಗೂ ಅಕ್ಕಪಕ್ಕದ ಹೊಲದವರಿಗೂ ಮೊದಲೇ ಮೋಟಾರಿನ ವಿಷಯಕ್ಕೋ, ಬಲೆಗೆ ದನ ಸಿಕ್ಕಿಕೊಂಡ ವಿಷಯಕ್ಕೋ ಮಾತು ಬಂದಿರುತ್ತೆ. ಹೆಸರು ಹುಡುಕೋಕೆ ಬಹಳ ಹೊತ್ತೇನೂ ಬೇಕಾಗಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಬೇಸಿಗೆಯಲ್ಲಿ ಒಂದೇ ರಾತ್ರಿಗೆ ಕೆರೆ ಮೀನು ಸತ್ತವು ಅಂದ್ರೆ ಹೆಚ್ಚಾಗಿ ಅದು ವಿಷ ಅಲ್ಲ, ನೀರಲ್ಲಿ ಉಸಿರು ಮುಗಿದಿರೋದು. ಆ ಉಸಿರು ಮುಗಿಯೋ ಹಾಗೆ ಮಾಡಿದೋನು ಒಬ್ಬ ಅಲ್ಲ. ಮೋಟಾರು ಇಟ್ಟವರು, ಗೊಬ್ಬರ ಚೆಲ್ಲಿದವರು, ಚರಂಡಿ ಬಿಟ್ಟವರು, ಲೆಕ್ಕ ಮೀರಿ ಮರಿ ಬಿಟ್ಟ ಗುತ್ತಿಗೆದಾರರು, ಎಲ್ಲರ ಪಾಲೂ ಅದರಲ್ಲಿದೆ. ಅದಕ್ಕೇ ಇದನ್ನ ಸರಿ ಮಾಡೋದೂ ಠಾಣೆಯಲ್ಲಿ ಅಲ್ಲ, ಗ್ರಾಮಸಭೆಯಲ್ಲಿ.

ಈ ಮಾತು ಯಾಕೆ ಬಂತು ಅಂದ್ರೆ, ಈ ಸಲ ಪಕ್ಕದೂರಲ್ಲಿ ಹಿಂಗೇ ಆಯ್ತು. ಕೆರೆ ಹಿಡಿದಿದ್ದವರು ಮೀನು ಹಿಡಿಯೋ ಕಸುಬಿನ ಮನೆಯವರು. ಸಾಲ ಮಾಡಿ ಹರಾಜಿನ ದುಡ್ಡು ಕಟ್ಟಿದ್ರು. ಕೆರೆ ಅಂಗಳದ ಪಕ್ಕದಲ್ಲಿ ಟೊಮೆಟೊ ಇಟ್ಟಿದ್ದ ಹುಡುಗ ಹಿಂದಿನ ದಿನ ಸಾಯಂಕಾಲ ಔಷಧಿ ಹೊಡೆದಿದ್ದ. ಬೆಳಗ್ಗೆ ಎದ್ದು ನೋಡಿದ್ರೆ ಕಿಲೋ, ಒಂದೂವರೆ ಕಿಲೋ ಕಾಟ್ಲಾಗಳು ಬೆಳ್ಳಗೆ ಹೊಟ್ಟೆ ಮೇಲೆ ಮಾಡ್ಕೊಂಡು ಏರಿ ಉದ್ದಕ್ಕೂ ಬಿದ್ದಿವೆ. ಇನ್ನೇನು ಬೇಕು? ಮಧ್ಯಾಹ್ನದ ಹೊತ್ತಿಗೆ ದೂರು ಬರೆಯೋರು ಬರೀತಿದ್ರು.

ನಾನು ಹೋಗಿ ಏರಿ ಮೇಲೆ ಒಂದು ಸುತ್ತು ಹಾಕಿದೆ. ಸತ್ತಿದ್ದೆಲ್ಲ ದೊಡ್ಡ ಮೀನು. ದಡದ ಹತ್ತಿರ ಬೆರಳುದ್ದದ ಸಣ್ಣ ಮೀನುಗಳು ಓಡಾಡ್ತಾನೇ ಇದ್ವು. ಜೊಂಡಿನ ಬುಡದಲ್ಲಿ ಒಂದು ಕೊರಮೀನು ಮೇಲೆ ಬಂದು ಗಾಳಿ ಕುಡಿದು ಒಳಗೆ ಹೋಯ್ತು. ಕಪ್ಪೆ, ಏಡಿ, ನೀರಿನ ಹುಳ ಎಲ್ಲಾ ಜೀವಂತ. ಅದರ ಹಿಂದಿನ ಮೂರು ದಿನ ಮೋಡ ಮುಚ್ಚಿತ್ತು, ಹಿಂದಿನ ರಾತ್ರಿ ಒಂದು ಹದ ಮಳೆ ಬಿದ್ದಿತ್ತು. ನೀರು ಎಲೆಹಸಿರು ಬಣ್ಣಕ್ಕೆ ತಿರುಗಿ ಮಂದವಾಗಿತ್ತು. ಇಷ್ಟನ್ನ ಒಟ್ಟಿಗೆ ಇಟ್ಟು ನೋಡಿದ್ರೆ ಬೇರೆ ಕಥೆ ಸಿಗುತ್ತೆ.

ನೀರಿಗೂ ಹಗಲು ರಾತ್ರಿ ಇದೆ

ಕೆರೆ ನೀರು ಹಸಿರಾಗಿ ಕಾಣೋದು ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಪಾಚಿಯಿಂದ. ಅದು ನಮ್ಮ ಬೆಳೆ ಇದ್ದ ಹಾಗೇ. ಬಿಸಿಲು ಇದ್ದಾಗ ಆಮ್ಲಜನಕ ಬಿಡುತ್ತೆ, ರಾತ್ರಿ ತಾನೂ ಉಸಿರಾಡಿ ಅದನ್ನೇ ವಾಪಸ್ ಎಳೆದುಕೊಳ್ಳುತ್ತೆ. ಮೀನೂ ಎಳೆಯುತ್ತೆ, ತಳದ ಕೊಳೆತ ಕೆಸರೂ ಎಳೆಯುತ್ತೆ. ಮಧ್ಯಾಹ್ನ ಎರಡು ಮೂರು ಗಂಟೆಗೆ ಕೆರೆ ನೀರಲ್ಲಿ ಆಮ್ಲಜನಕ ತುಂಬಿರುತ್ತೆ. ಬೆಳಗಿನ ಜಾವ, ಸೂರ್ಯ ಹುಟ್ಟೋ ಸ್ವಲ್ಪ ಮುಂಚೆ, ಪೂರಾ ಇಳಿದಿರುತ್ತೆ. ಮೀನು ಸಾಯೋದು ಆ ಹೊತ್ತಲ್ಲಿ.

ಕೆಂಡೆ ಜಾತಿಯ ಮೀನಿಗೆ ಒಂದು ಲೀಟರ್ ನೀರಲ್ಲಿ 5 ಮಿಲಿಗ್ರಾಂ ಆಮ್ಲಜನಕ ಇದ್ರೆ ಆರಾಮ. 3ಕ್ಕಿಂತ ಕೆಳಗೆ ಬಂದ್ರೆ ಮೇವು ಬಿಡುತ್ತೆ. 1ರ ಹತ್ತಿರ ಬಂದ್ರೆ ಮೇಲೆ ಬಂದು ಬಾಯಿ ಬಾಯಿ ಬಿಡುತ್ತೆ. ದೊಡ್ಡ ಮೀನಿಗೆ ಉಸಿರು ಹೆಚ್ಚು ಬೇಕು, ಅದಕ್ಕೆ ಅವೇ ಮೊದಲು ಹೋಗೋದು. ಕಾಟ್ಲಾ, ಬೆಳ್ಳಿಗೆಂಡೆ ಬೇಗ ಸೋಲ್ತವೆ. ಕೊರಮೀನು, ಚೇಳುಮೀನು ನೇರವಾಗಿ ಗಾಳಿ ಕುಡಿಯೋ ಜಾತಿ, ಉಳ್ಕೊಳ್ತವೆ.

ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ. ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳೋ ಆಮ್ಲಜನಕ ಕಮ್ಮಿ. 20 ಡಿಗ್ರಿ ನೀರು ಲೀಟರಿಗೆ 9 ಮಿಲಿಗ್ರಾಂ ಹಿಡಿದ್ರೆ, 30 ಡಿಗ್ರಿ ನೀರು ಹಿಡಿಯೋದು ಏಳೂವರೆ ಅಷ್ಟೇ. ಆದ್ರೆ ಬಿಸಿ ನೀರಲ್ಲಿ ಮೀನಿಗೆ ಬೇಕಾಗೋದು ಮಾತ್ರ ಜಾಸ್ತಿ. ಬೇಸಿಗೆಯಲ್ಲಿ ಆದಾಯ ಇಳಿದು ಖರ್ಚು ಏರಿದ ಮನೆ ಇದ್ದ ಹಾಗೆ.

ಮೋಡ ಮುಚ್ಚಿದ್ರೆ ಪಾಚಿ ಹಗಲಲ್ಲೂ ಸರಿಯಾಗಿ ಕೆಲಸ ಮಾಡಲ್ಲ. ಅದರ ಮೇಲೆ ಮೊದಲ ಮಳೆ ಬಿದ್ದು ಮೇಲಿನ ನೀರು ತಣ್ಣಗಾಗಿ ಕೆಳಗೆ ಇಳಿಯುತ್ತೆ, ತಳದ ಉಸಿರಿಲ್ಲದ ಕೊಳಕು ನೀರು ಮೇಲೆ ಬರುತ್ತೆ. ಜೊತೆಗೆ ಹೊಲ, ತಿಪ್ಪೆ, ಚರಂಡಿಯ ಆರು ತಿಂಗಳ ಕೊಳೆ ಒಂದೇ ಸಲಕ್ಕೆ ಕೆರೆಗೆ ತೊಳೆದು ಬರುತ್ತೆ. ಮಳೆ ಬಂತು ಅಂತ ನಾವು ಸಂತೋಷದಲ್ಲಿ ಮಲಗಿರೋ ರಾತ್ರಿಯೇ ಮೀನಿಗೆ ಕಷ್ಟದ ರಾತ್ರಿ.

ಹಾಗಾದ್ರೆ ವಿಷ ಇಲ್ಲವೇ ಇಲ್ವಾ?

ಇದೆ. ನಾವು ಟೊಮೆಟೊ, ಬದನೆ, ಹೂಕೋಸಿಗೆ ಹೊಡೆಯೋ ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ಜಾತಿಯ ಔಷಧಿ ಮೀನಿಗೆ ಬಹಳ ಅಪಾಯ. ಮನುಷ್ಯನಿಗೆ, ದನಕ್ಕೆ ಅಷ್ಟು ತಗಲದ ಪ್ರಮಾಣವೂ ಮೀನು, ಏಡಿ, ಸಿಗಡಿಯನ್ನ ಮುಗಿಸುತ್ತೆ. ಸ್ಪ್ರೇ ಪಂಪು, ಔಷಧಿ ಬಕೆಟ್ಟು ಕೆರೆ ನೀರಲ್ಲಿ ತೊಳೆಯೋ ಅಭ್ಯಾಸ ನಿಲ್ಲಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಬೇಕು ಅಂತಲೇ ವಿಷ ಹಾಕೋದು, ಮದ್ದು ಸಿಡಿಸೋದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಿಂದಲೂ ಅಪರಾಧ.

ಆದ್ರೆ ವಿಷದ ಗುರುತು ಬೇರೆ. ವಿಷ ಗಂಟೆ ನೋಡಲ್ಲ, ಮಧ್ಯಾಹ್ನವೂ ಸಾಯಿಸುತ್ತೆ. ಸಣ್ಣ ಮೀನು, ಮರಿ, ನೀರಿನ ಹುಳ, ಏಡಿ ಮೊದಲು ಹೋಗ್ತವೆ. ಮೀನು ಸುತ್ತು ಹೊಡೆಯುತ್ತೆ, ಓರೆಯಾಗಿ ಈಜುತ್ತೆ, ನಡುಗುತ್ತೆ. ಕಾಲುವೆ ಬಾಯಲ್ಲಿ ಒಂದು ಕಡೆಯಿಂದ ಶುರುವಾಗಿ ಹರಡುತ್ತೆ. ಉಸಿರು ಕಟ್ಟಿದ ಮೀನು ಇಡೀ ಕೆರೆ ಮೇಲೆ ಒಟ್ಟಿಗೆ ಬಾಯಿ ತೆರೆದು ನಿಲ್ಲುತ್ತೆ, ಸತ್ತ ಮೇಲೂ ಬಾಯಿ, ಕಿವಿರು ಅಗಲವಾಗಿರುತ್ತೆ.

ಅದಕ್ಕೇ ಹೇಳೋದು, ಯಾರು ಅಂತ ಕೇಳೋಕೆ ಮುಂಚೆ ಮೂರು ಪ್ರಶ್ನೆ ಕೇಳಿ. ಎಷ್ಟು ಹೊತ್ತಿಗೆ ಸತ್ತವು? ಯಾವ ಗಾತ್ರದವು ಸತ್ತವು? ಮೀನಲ್ಲದೆ ಇನ್ನೇನು ಸತ್ತಿದೆ? ಅನುಮಾನ ಉಳಿದ್ರೆ ಆ ಬೆಳಗ್ಗೆಯೇ ಶುಭ್ರವಾದ ಗಾಜಿನ ಬಾಟಲಿಯಲ್ಲಿ ನೀರು, ಐಸ್ ಮೇಲೆ ಎರಡು ಮೀನು ಇಟ್ಟುಕೊಂಡು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ತಿಳಿಸಿ. ಸಾಯಂಕಾಲ ತೆಗೆದ ನೀರು ಬೆಳಗಿನ ಜಾವದ ಕಥೆ ಹೇಳಲ್ಲ. ಪಕ್ಕದೂರಲ್ಲಿ ಇಷ್ಟು ಮಾತಾಡಿದ ಮೇಲೆ ಠಾಣೆಗೆ ಹೋಗೋದು ನಿಂತಿತು. ಎರಡು ಮನೆಯವರು ಮಾತು ಬಿಟ್ಟಿದ್ದು ಮಾತ್ರ ಇನ್ನೂ ಹಾಗೇ ಇದೆ.

ನೀರು ಇಳಿದಷ್ಟೂ ಉಸಿರು ಇಳಿಯುತ್ತೆ

ಒಂದು ಲೆಕ್ಕ ಹಾಕೋಣ. ಒಂದು ಎಕರೆ ನೀರು, ಒಂದು ಮೀಟರ್ ಆಳ ಅಂದ್ರೆ ಸುಮಾರು 40 ಲಕ್ಷ ಲೀಟರ್. ಲೀಟರಿಗೆ 5 ಮಿಲಿಗ್ರಾಂ ಅಂದ್ರೆ ಅದರಲ್ಲಿ ಒಟ್ಟು 20 ಕೆಜಿ ಆಮ್ಲಜನಕ. ಅದೇ ಎಕರೆಯಲ್ಲಿ ನೀರು ಒಂದು ಅಡಿಗೆ ಇಳಿದ್ರೆ 12 ಲಕ್ಷ ಲೀಟರ್, ಆಮ್ಲಜನಕ 6 ಕೆಜಿ. ನೀರು ಮೂರನೇ ಒಂದು ಪಾಲಿಗಿಂತ ಕಮ್ಮಿ ಆಯ್ತು, ಮೀನು ಅಷ್ಟೇ ಇವೆ. ಅಷ್ಟೇ ಅಲ್ಲ, ಜುಲೈನಲ್ಲಿ ಬೆರಳಷ್ಟಿದ್ದ ಮರಿ ಏಪ್ರಿಲ್ ಹೊತ್ತಿಗೆ ಕಿಲೋ ಆಗಿದೆ. ಕೆರೆಯಲ್ಲಿ ಮೀನಿನ ತೂಕ ಅತಿ ಹೆಚ್ಚಾಗೋದೂ, ನೀರು ಅತಿ ಕಮ್ಮಿ ಆಗೋದೂ ಒಂದೇ ತಿಂಗಳಲ್ಲಿ.

ಮರಿ ಬಿಡೋ ಲೆಕ್ಕ ನಡೆಯೋದು ಕೆರೆ ತುಂಬಿದಾಗಿನ ವಿಸ್ತೀರ್ಣದ ಮೇಲೆ. ಬೇಸಿಗೆಯಲ್ಲಿ ಆ ವಿಸ್ತೀರ್ಣ ಇರೋದೇ ಇಲ್ಲ. ಹೂಳೆತ್ತೋ ಹೆಸರಲ್ಲಿ ಜೆಸಿಬಿ ಬಿಟ್ಟು ಕೆರೆ ತಳವನ್ನ ತಟ್ಟೆ ಥರ ಮಟ್ಟ ಮಾಡಿದ್ದೂ ಇದೆ. ತಟ್ಟೆ ಕೆರೆಯಲ್ಲಿ ಉಳಿದ ನೀರು ತೆಳ್ಳಗೆ ಹರಡಿ ಬೇಗ ಕಾಯುತ್ತೆ, ಬೇಗ ಆರುತ್ತೆ. ಮೀನಿಗೆ ಇಳಿದು ಕೂರೋಕೆ ಒಂದು ಆಳದ ಜಾಗ ಇರಲ್ಲ.

ತೂಬಿನ ಮಟ್ಟಕ್ಕಿಂತ ಕೆಳಗಿನ ನೀರು ಹಿಂದೆ ತಾನಾಗೇ ಉಳೀತಿತ್ತು. ತೂಬು ತೆಗೆದು ಮುಚ್ಚೋ ಕೆಲಸ ನೀರುಗಂಟಿದು. ಆ ಮಟ್ಟದ ಕೆಳಗೆ ಅವನಿಗೂ ಕೈ ಇರಲಿಲ್ಲ. ಡೀಸೆಲ್ ಮೋಟಾರು, ಪೈಪು ಬಂದ ಮೇಲೆ ಕೊನೆಯ ಗುಂಡಿಯವರೆಗೂ ಎಳೆಯೋಕೆ ಆಗುತ್ತೆ, ಎಳೀತಿದ್ದೀವಿ.

"ಕೆರೆ ಕಟ್ಟಿರೋದು ನೀರಾವರಿಗೆ, ಮೀನಿಗಲ್ಲ. ಒಣಗೋ ತೋಟ ಬಿಟ್ಟು ಮೀನು ನೋಡ್ಕೊಂಡು ಕೂತ್ಕೊಳ್ಳೋಕಾಗುತ್ತಾ?" ಅಂತ ಕೇಳೋರಿದ್ದಾರೆ. ಸರಿಯಾದ ಪ್ರಶ್ನೆ. ನನ್ನದೂ ಅಡಿಕೆ ತೋಟವೇ, ಮೇ ತಿಂಗಳ ಸಂಕಟ ನನಗೂ ಗೊತ್ತು. ಆದ್ರೆ ಕೊನೆಯ ಎರಡು ಮೂರು ಅಡಿ ನೀರು ಎಷ್ಟು ತೋಟ ಉಳಿಸುತ್ತೆ? ಏರಿ ಪಕ್ಕದ ನಾಲ್ಕೈದು ಮೋಟಾರಿನವರಿಗೆ ಕೆಲವೇ ದಿನದ ನೀರು. ಅದೇ ನೀರು ಕೆರೆಯಲ್ಲೇ ನಿಂತ್ರೆ ದನ ಕುಡೀತವೆ, ಕೆಳಗಿನ ಬಾವಿ, ಬೋರಿಗೆ ಇಂಗುತ್ತೆ, ಮೀನೂ ಉಳಿಯುತ್ತೆ. ನಾಲ್ಕು ಮೋಟಾರಿನ ಒಂದು ವಾರದ ಅನುಕೂಲಕ್ಕೆ ಇಡೀ ಊರಿನ ನೀರು ಹೋಗೋದು ನ್ಯಾಯ ಅಲ್ಲ.

ಇನ್ನು ನೀರು ಇದ್ದ ಮಾತ್ರಕ್ಕೆ ಸಾಲದು ಅನ್ನೋದಕ್ಕೂ ಉದಾಹರಣೆ ಹತ್ತಿರದಲ್ಲೇ ಇದೆ. ಬೆಂಗಳೂರಿನ ಹಲಸೂರು ಕೆರೆ ಒಣಗಿದ ಕೆರೆಯಲ್ಲ. 2016ರ ಮಾರ್ಚ್‌ನಲ್ಲಿ ಅಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಕೊಳಚೆ ಸೇರಿದ ನೀರಲ್ಲಿ ಉಸಿರು ಉಳಿಯಲ್ಲ. ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ನೀರು ಬರ್ತಿದೆ. ಬತ್ತಿದ್ದ ಕೆರೆ ತುಂಬಿದ್ದು ಒಳ್ಳೆಯದೇ. ಆದ್ರೆ ಅಲ್ಲಿ ಮಾಡೋದು ಎರಡನೇ ಹಂತದ ಸಂಸ್ಕರಣೆ, ಸಾರಜನಕ, ರಂಜಕ ಪೂರ್ತಿ ಹೋಗಲ್ಲ. ಅವು ಪಾಚಿಗೆ ಗೊಬ್ಬರ. ನಮ್ಮ ಕಡೆ ಕೊಳಚೆ ಬರ್ತಿಲ್ಲ ಅಂತ ಸಮಾಧಾನ ಪಡೋ ಹಾಗಿಲ್ಲ. ಹೊಲಕ್ಕೆ ಚೆಲ್ಲಿದ ಡಿಎಪಿ, ಯೂರಿಯಾ ಮಳೆಗೆ ತೊಳೆದು ಸೇರೋದು ಕೆರೆಗೇ. ಊರಿನ ಚರಂಡಿ ಕೂಡ ಹಳ್ಳದ ಮೂಲಕ ಅಲ್ಲಿಗೇ.

ಮರಿ ಬಿಟ್ಟ ಲೆಕ್ಕ, ಉಳಿದ ಲೆಕ್ಕ

ಗುತ್ತಿಗೆದಾರರಿಗೂ ಒಂದೆರಡು ಮಾತು ಹೇಳಲೇಬೇಕು. ಮೀನು ಬೇಗ ಬೆಳೀಲಿ ಅಂತ ಲೋಡುಗಟ್ಟಲೆ ಹಸಿ ಸಗಣಿ, ಕೋಳಿ ಅಂಗಡಿ ತ್ಯಾಜ್ಯ ತಂದು ಕೆರೆಗೆ ಸುರಿಯೋರಿದ್ದಾರೆ. ಅದು ಕೊಳೆಯೋಕೂ ಆಮ್ಲಜನಕವೇ ಬೇಕು. ಮೀನಿಗೆ ಊಟ ಕೊಟ್ಟು ಉಸಿರು ಕಿತ್ತುಕೊಂಡ ಹಾಗೆ. ಕೋಳಿ ತ್ಯಾಜ್ಯ ತಿಂದು ಬೆಳೆಯೋ ಆಫ್ರಿಕನ್ ಕ್ಯಾಟ್‌ಫಿಶ್ ಅಂತೂ 2000ನೇ ಇಸವಿಯಿಂದಲೇ ದೇಶದಲ್ಲಿ ನಿಷೇಧ. ಒಂದು ಕೋಡಿ ಹರಿದ್ರೆ ಕೆಳಗಿನ ಕೆರೆಗೂ ಹೋಗುತ್ತೆ, ಸಿಕ್ಕಿದ ಮೀನನ್ನೆಲ್ಲ ತಿನ್ನುತ್ತೆ.

ನಾವು ಕೆರೆಯ ಆರೋಗ್ಯವನ್ನ ಎಷ್ಟು ಸಾವಿರ ಮರಿ ಬಿಟ್ವಿ ಅನ್ನೋದರ ಮೇಲೆ ಅಳೀತೀವಿ. ಕಾಟ್ಲಾ, ರೋಹು, ಮೃಗಾಲ್ ಹರಿಯೋ ನದಿಯಲ್ಲಿ ಮರಿ ಮಾಡೋ ಮೀನು. ನಿಂತ ಕೆರೆಯಲ್ಲಿ ಅವು ಮರಿ ಮಾಡಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದು ಕೊಟ್ಟು ಈ ಜಾತಿಯ ಮೀನಿಗೆ ಮೊಟ್ಟೆ ಇಡಿಸಿದ ಮೇಲೆ ತಾನೇ ನಮಗೆ ಕೇಂದ್ರಗಳಿಂದ ಮರಿ ಸಿಗೋ ಹಾಗಾಗಿದ್ದು. ಅದಕ್ಕೇ ಜುಲೈ 10 ಮೀನು ಕೃಷಿಕರ ದಿನ. ಹಾಗಾಗಿ ಇವನ್ನ ಪ್ರತಿ ಸಲ ತಂದು ಬಿಡಬೇಕು, ದುಡ್ಡು ಕೊಡಬೇಕು. ಕೊರಮೀನು, ಚೇಳುಮೀನು, ಸಣ್ಣ ಸಣ್ಣ ನಾಟಿ ಮೀನುಗಳು ಹಾಗಲ್ಲ. ಕೆರೆಯಲ್ಲೇ, ಹೊಸ ನೀರಿಗೆ ಗದ್ದೆ ಬಯಲಲ್ಲೇ ಮರಿ ಮಾಡ್ತವೆ. ಕೊರಮೀನು ತನ್ನ ಮರಿಯ ಗುಂಪನ್ನ ಕಾಯೋದನ್ನ ನೀವೂ ನೋಡಿರ್ತೀರಿ. ಕೆರೆ ಪೂರ್ತಿ ಬತ್ತಿಸಿದ ವರ್ಷ ಈ ಬಿತ್ತನೆ ಬೀಜವೂ ಹೋಗುತ್ತೆ, ಅದಕ್ಕೆ ಸಬ್ಸಿಡಿ ಕೊಡೋರು ಯಾರೂ ಇಲ್ಲ. ಖಾಲಿಯಾದ ಜಾಗವನ್ನ ಜಿಲೇಬಿ ಮೀನು ತುಂಬುತ್ತೆ. ಅದು ಬೇಗ ಬೇಗ ಮರಿ ಮಾಡಿ, ಅಂಗೈಯಷ್ಟಕ್ಕೇ ನಿಂತು, ಬೇರೆ ಮೀನಿನ ಮೇವನ್ನೂ ತಿನ್ನುತ್ತೆ.

ಏನು ಮಾಡಬಹುದು

ಒಂದು, ಕೆರೆಯ ಆಳದ ಜಾಗದಲ್ಲಿ ಒಂದು ಗುಂಡಿ ಉಳಿಸೋದು. ಹೂಳೆತ್ತೋವಾಗಲೇ ಹೇಳಿ ಅಲ್ಲಿ ಮಾತ್ರ ಒಂದು ಆಳೆತ್ತರ ಹೆಚ್ಚು ತೆಗೆಸಬೇಕು. ತೂಬಿನ ಹತ್ತಿರ ಒಂದು ಕಲ್ಲು ನೆಟ್ಟು ಗುರುತು ಹಾಕಬೇಕು. ನೀರು ಆ ಗುರುತಿಗೆ ಬಂದ ದಿನ ಮೋಟಾರು ಎತ್ತಬೇಕು. ಎಲ್ಲರೂ ಒಪ್ಪಿದ ಗುರುತು ಇದ್ರೆ ಯಾರ ಮೇಲೂ ಹಗೆ ಬೇಕಾಗಿಲ್ಲ, ಕಲ್ಲೇ ಹೇಳುತ್ತೆ.

ಎರಡು, ಹರಾಜಿನ ಷರತ್ತಲ್ಲಿ ಸೇರಿಸೋದು. ಹೊಸತೊಡಕು ಮುಗಿಯೋದ್ರೊಳಗೆ ದೊಡ್ಡ ಮೀನಿನ ಅರ್ಧವಾದ್ರೂ ಹಿಡಿದು ಮಾರಬೇಕು. ಮೀನು ಇನ್ನೂ ಬೆಳೀಲಿ, ರೇಟು ಬರಲಿ ಅಂತ ಮೇವರೆಗೂ ಕಾದ್ರೆ ಎಲ್ಲಾ ಕಳ್ಕೊಳ್ಳೋ ಸಂಭವವೇ ಹೆಚ್ಚು. ಹಸಿ ಸಗಣಿ, ಕೋಳಿ ತ್ಯಾಜ್ಯ, ಕ್ಯಾಟ್‌ಫಿಶ್ ಬೇಡ. ಎರಡು ಸೆಂಟಿಮೀಟರ್ ಮರಿ ಲಕ್ಷ ಬಿಡೋ ಬದಲು ಹತ್ತು ಸೆಂಟಿಮೀಟರ್ ಬೆಳೆದ ಮರಿ ಕಮ್ಮಿ ಬಿಟ್ರೂ ಹೆಚ್ಚು ಉಳೀತವೆ. ಇಷ್ಟು ಷರತ್ತು ಹಾಕಿದ್ರೆ ಹರಾಜಿನ ದುಡ್ಡು ಸ್ವಲ್ಪ ಇಳಿಯಬಹುದು. ಪಂಚಾಯ್ತಿ ಅದನ್ನ ಒಪ್ಪಬೇಕು. ಗುತ್ತಿಗೆ ಹಿಡಿದ ಮನೆ ಒಂದೇ ರಾತ್ರಿಗೆ ಮುಳುಗಿದ್ರೆ ಮುಂದಿನ ಸಲ ಕೂಗೋಕೆ ಬರೋರು ಯಾರು?

ಮೂರು, ಮಾರ್ಚ್‌ನಿಂದ ನೀರನ್ನ ನೋಡ್ತಾ ಇರೋದು. ಒಂದು ಬಿಳಿ ತಟ್ಟೆಯನ್ನ ಕೋಲಿಗೆ ಕಟ್ಟಿ ನೀರಿಗೆ ಇಳಿಸಿ. ಮಣ್ಣಿನ ಬಗ್ಗಡ ಇಲ್ಲದೆ, ಬರೀ ಹಸಿರಿನಿಂದಲೇ ತಟ್ಟೆ 20 ಸೆಂಟಿಮೀಟರ್ ಒಳಗೆ ಮರೆಯಾದ್ರೆ ಕೆರೆ ಅಪಾಯದಲ್ಲಿದೆ ಅಂತ ಅರ್ಥ. ಮೋಡದ ದಿನಗಳಲ್ಲಿ ಬೆಳಗಿನ ಜಾವ ಐದಕ್ಕೆ ಏರಿ ಮೇಲೆ ಹೋಗಿ ನೋಡಿ. ಮೀನು ಮೇಲೆ ಬಂದು ಬಾಯಿ ಬಿಡ್ತಿದ್ರೆ ಆ ಕ್ಷಣವೇ ಮೋಟಾರು ಹಾಕಿ, ಮೇಲ್ಪದರದ ನೀರನ್ನೇ ಎತ್ತಿ ಗಾಳಿಯಲ್ಲಿ ಹರಡಿ ವಾಪಸ್ ಕೆರೆಗೇ ಬೀಳೋ ಹಾಗೆ ಬಿಡಿ. ತಳದ ಕೆಸರು ಎಳೆಯಬೇಡಿ. ಬೋರಿನ ನೀರು ಬಿಡೋದಾದ್ರೂ ಎತ್ತರದಿಂದ ಚೆದುರಿ ಬೀಳಬೇಕು, ನೆಲದೊಳಗಿನ ನೀರಲ್ಲಿ ಆಮ್ಲಜನಕ ಕಮ್ಮಿ ಇರುತ್ತೆ. ಮೀನು ಸಾಯ್ತಿರೋವಾಗ ಗಾಬರಿಯಲ್ಲಿ ಸುಟ್ಟ ಸುಣ್ಣ ಸುರಿಯಬೇಡಿ, ಅದರಿಂದ ನೀರಿನ ಅಮೋನಿಯಾ ಇನ್ನೂ ವಿಷವಾಗುತ್ತೆ. ಪಾಚಿ ಸಾಯಿಸೋ ಔಷಧಿಯೂ ಬೇಡ, ಸತ್ತ ಪಾಚಿ ಕೊಳೆತು ಉಳಿದ ಉಸಿರನ್ನೂ ತಿನ್ನುತ್ತೆ. ಸತ್ತ ಮೀನನ್ನ ತಿನ್ನೋದು, ಮಾರೋದು ಮಾಡದೆ ದಡದಿಂದ ದೂರ ಹೂತುಬಿಡಿ.

ನಾಲ್ಕು, ಕೆರೆಗೆ ನೀರು ತರೋ ಹಳ್ಳ, ಕಾಲುವೆ ಪಕ್ಕ ಜಮೀನಿರೋರು ಕೊನೆಯ ಒಂದೆರಡು ಸಾಲಿಗೆ ಔಷಧಿ ಹೊಡೆಯೋದನ್ನ ಬಿಡಿ, ಬದುವಿನಲ್ಲಿ ಹುಲ್ಲು ಬೆಳೆಯೋಕೆ ಬಿಡಿ. ಮಳೆ ಮೋಡ ಇರೋ ಸಾಯಂಕಾಲ ಔಷಧಿ, ಗೊಬ್ಬರ ಎರಡೂ ಬೇಡ. ತೊಳೆದು ಹೋದ್ರೆ ನಿಮ್ಮ ದುಡ್ಡೂ ಹೋಯ್ತು. ಆ ಟೊಮೆಟೊ ಹುಡುಗನ ಮೇಲೆ ಅನುಮಾನ ಬಂದಿದ್ದೂ ಅವನು ಹೊಡೆದ ಆ ಸಾಯಂಕಾಲದಿಂದಲೇ.

ಸಣ್ಣ ಕೆರೆಗಳ ಮೀನು ಹರಾಜು ಗ್ರಾಮ ಪಂಚಾಯ್ತಿಯ ಕೈಯಲ್ಲಿದೆ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಆದ್ರೆ ಇಲಾಖೆಯವರನ್ನ ಕೇಳಬೇಕು. ಒಂದು ಸಲ ಹರಾಜು ಮುಗಿದ ಮೇಲೆ ಗುತ್ತಿಗೆ ಅವಧಿ ಪೂರ್ತಿ ಹೊಸ ಷರತ್ತು ಸೇರಿಸೋದು ಕಷ್ಟ. ನಿಮ್ಮೂರ ಕೆರೆಯ ಗುತ್ತಿಗೆ ಯಾವಾಗ ಮುಗಿಯುತ್ತೆ ಅಂತ ಈ ವಾರವೇ ವಿಚಾರಿಸಿ. ಗುರುತಿನ ಕಲ್ಲಿನ ಮಾತನ್ನ ಅದಕ್ಕೆ ಮುಂಚಿನ ಗ್ರಾಮಸಭೆಯಲ್ಲೇ ಎತ್ತಿ. ಮೋಟಾರಿನವರು, ಗುತ್ತಿಗೆಯವರು ಇಬ್ಬರೂ ಕೂತಿರೋವಾಗಲೇ ಎತ್ತಿ.